ಅಡಿಗಲ್ಲಿನ ಮೇಲೆ ಒಂದಕ್ಷರ

ಹಾಸನದಿಂದ ಗೂಡ್ಸ್ ಆಟೋದಲ್ಲಿ ಬಂದ ಕಲ್ಲನ್ನು ಶಾಲೆಯ ಗೇಟಿನ ಪಕ್ಕ ಗೋಡೆಗೆ ಒರಗಿಸಿದ್ದರು. ಮುಖ ನೋಡಿಕೊಳ್ಳುವಷ್ಟು ನುಣುಪಾದ ಕರಿಕಲ್ಲು, ಅದರ ಮೇಲೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ. ಬಸ್ಸಿಳಿದು ಬಂದ ಇಂಗ್ಲಿಷ್ ಟೀಚರ್ ಸ್ನೇಹಲತಾ ಅದರ ಮುಂದೆ ನಿಂತು ಮೊದಲು ಸೆರಗು ಸರಿಮಾಡಿಕೊಂಡಳು. ಆಮೇಲೆ ಓದಿದಳು. ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು.

ಶಾಲೆಯ ಹೊಸ ಕಟ್ಟಡದ ಈ ಅಡಿಗಲ್ಲನ್ನು ಇಟ್ಟವರು ಆಡಳಿತ ಮಂಡಳಿಯ ಅಧ್ಯಕ್ಷರಾದ ಶ್ರೀ ಕೃಷ್ಣಪ್ಪನವರು ಎಂದು ಹೇಳಬೇಕಾದ ಸಾಲಿನಲ್ಲಿ 'ಲೇಡ್' ಇರಲಿಲ್ಲ. 'ಲೇನ್' ಇತ್ತು.

ಹೊಳೆನರಸೀಪುರದ ಆ ಶಾಲೆಯ ಒಂಬತ್ತನೇ ಕ್ಲಾಸಿಗೆ ಅವಳು ಅದೇ ವಾರ ಈ ಪಾಠ ಮಾಡಿದ್ದಳು. ಇಡುವುದಕ್ಕೆ ಲೇ, ಲೇಡ್, ಲೇಡ್. ಮಲಗುವುದಕ್ಕೆ ಲೈ, ಲೇ, ಲೇನ್. ಮಕ್ಕಳು ನಿದ್ದೆಯಲ್ಲಿ ಕನವರಿಸುವಷ್ಟು ಸಲ ಹೇಳಿಸಿದ್ದಳು. ಈಗ ಅದೇ ಶಾಲೆಯ ಬಾಗಿಲಲ್ಲಿ ಕಲ್ಲು ಮಲಗಿಕೊಂಡಿತ್ತು.

ಹೆಡ್‌ಮಾಸ್ಟರ್ ಶಶಿಕಿರಣ್ ಲೆಕ್ಕದ ಮೇಷ್ಟ್ರು. "ಒಂದಕ್ಷರ ತಾನೆ ಮೇಡಂ, ಪಾಯಿಂಟ್ ಆದ್ಮೇಲೆ ಬರೋ ಮೂರನೇ ಅಂಕಿ ಅಂದ್ಕೊಂಡು ಬಿಟ್ಬಿಡಿ" ಎಂದರು.

"ಮಧ್ಯಾಹ್ನ ಮುಖ್ಯ ಅತಿಥಿ ಬರ್ತಾರಲ್ಲ ಸರ್, ಅವರು ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರಾದ ಪ್ರಿನ್ಸಿಪಾಲರು. ಕಲ್ಲು ಓದಿ ಅವರು ತಿರುಗಿ ನೋಡೋದು ನನ್ನ ಮುಖಾನ, ನಿಮ್ಮದನ್ನಲ್ಲ."

ಶಶಿಕಿರಣ್ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕೆತ್ತೋನು ಲೇಡ್ ಅಂತಲೇ ಬರ್ಕೊಂಡಿದ್ದ. ಬದಲಾಯಿಸಿದ್ದು ಅಧ್ಯಕ್ಷರು. ನಾನು ಹೇಳ್ದೆ ಅನ್ನಬೇಡಿ."

ಸ್ನೇಹಲತಾ ಹಾಜರಿಗೆ ಸಹಿ ಕೂಡ ಹಾಕದೆ ಆಟೋ ಹತ್ತಿದಳು.

ಕೃಷ್ಣಪ್ಪನವರ ಕೋಳಿ ಫಾರಂ ಊರಾಚೆ ಚನ್ನರಾಯಪಟ್ಟಣದ ರಸ್ತೆಯಲ್ಲಿತ್ತು. ಸಾವಿರಾರು ಮೊಟ್ಟೆ ಕೋಳಿಗಳು ವಿಧಾನಸಭೆಯಂತೆ ಒಟ್ಟಿಗೇ ಮಾತಾಡುತ್ತಿದ್ದವು. ನಡುವೆ ಬಿಳಿ ಪಂಚೆ ಉಟ್ಟ ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದರು.

"ಬನ್ನಿ ಮೇಡಂ, ಕೂತ್ಕಳಿ. ಕಲ್ಲು ನೋಡುದ್ರಾ?"

"ನೋಡ್ದೆ ಸರ್. ತಪ್ಪಿದೆ. ಅದು ಲೇಡ್ ಆಗಬೇಕು."

ಅರ್ಧ ಗಡ್ಡದ ಸೋಪಿನೊಳಗಿಂದ ಅಧ್ಯಕ್ಷರ ಮುಖ ಕೆಂಪಾಯಿತು. "ಅದೊಂದ್ ಮಾತು ಮಾತ್ರ ಏಳ್ಬ್ಯಾಡಿ. ಲೇಡ್ ಅಂದ್ರೆ ಕೋಳಿ ಮೊಟ್ಟೆ ಇಕ್ಕೋದು ಅಂತ ನಮ್ಮಕ್ಕನ ಮೊಮ್ಮಗಳು ಪುಸ್ತಕ ತೋರ್ಸವ್ಳೆ. ಈ ಊರಲ್ಲಿ ನಂಗೆ ಮೊಟ್ಟೆ ಕೃಷ್ಣಪ್ಪ ಅಂತ್ಲೆ ಎಸ್ರು. ಸೊಸೈಟಿ ಎಲೆಕ್ಸನ್ನಲ್ಲಿ ನನ್ ಪೋಸ್ಟರ್‌ಗೆಲ್ಲ ಮೊಟ್ಟೆ ಬರುದ್ರು, ಸೋತೆ. ಈಗ ನಾನೇ ಕಲ್ಲ್ ಮ್ಯಾಲೆ ಕೆತ್ತುಸ್ಕಳ್ಳಾ?"

"ಕೋಳಿ ಮೊಟ್ಟೆ ಇಟ್ಟರೂ ಲೇಡ್, ನೀವು ಕಲ್ಲು ಇಟ್ಟರೂ ಲೇಡ್. ಲೇನ್ ಅಂದ್ರೆ ಮಲಗೋದು."

"ಅಡಿಗಲ್ಲು ಮಲಗ್ದೆ ಇನ್ನೇನು ಎದ್ದು ನಿಂತ್ಕತದಾ?"

ಸ್ನೇಹಲತಾಗೆ ಕೋಳಿಗಳೂ ಅಧ್ಯಕ್ಷರ ಕಡೆಗೇ ಇದ್ದಂತೆ ಕಂಡವು.

"ತಪ್ಪು ಇಂಗ್ಲಿಷ್ ಇರೋ ಬಾಗಿಲಲ್ಲಿ ನಾನು ಇಂಗ್ಲಿಷ್ ಹೇಳಿಕೊಡೋಕೆ ಆಗಲ್ಲ ಸರ್. ಅದು ಹಾಗೇ ಇದ್ರೆ ನಾಳೆಯಿಂದ ನಾನು ಬರೋದಿಲ್ಲ."

"ಬರ್‍ಬ್ಯಾಡಿ" ಎಂದು ಅಧ್ಯಕ್ಷರು ಇನ್ನೊಂದು ಕೆನ್ನೆ ತಿರುಗಿಸಿದರು.

ಶಾಲೆಗೆ ಮರಳುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತಿತ್ತು. ಹಿಂದಿ ಟೀಚರ್ ಪ್ರೇಮಕುಮಾರಿ, "ಇಂಗ್ಲಿಷಲ್ಲಿ ಹಾಕಿದ್ರೆ ತಾನೆ ತಂಟೆ? ಹಿಂದೀಲಿ ಹಾಕಿಸಿ" ಎಂದಳು. ಡ್ರಿಲ್ ಮೇಷ್ಟ್ರು ಆ ಪದ ಮುಚ್ಚುವಂತೆ ದಪ್ಪ ಹಾರ ಹಾಕೋಣ ಎಂದರು. ಶಶಿಕಿರಣ್ ಅವಳನ್ನು ಮೂಲೆಗೆ ಕರೆದು, "ಮನೆ ಸಾಲ ಇದೆ ಅಂತಿದ್ರಲ್ಲ ಮೇಡಂ, ನೀವೂ ಹೂಂ ಅಂದ್ಬಿಡಿ" ಎಂದರು.

ಸ್ನೇಹಲತಾ ಹೂಂ ಅನ್ನಲಿಲ್ಲ. ಕಲ್ಲನ್ನು ಇನ್ನೊಮ್ಮೆ ದಿಟ್ಟಿಸಿದಳು. ಲೇನ್, ಲೇಡ್ ಎರಡಕ್ಕೂ ಮೊದಲ ಮೂರು ಅಕ್ಷರ ಒಂದೇ. ಬದಲಾಗಬೇಕಾದ್ದು ಕಡೆಯದು ಮಾತ್ರ. ಬಸ್‌ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗೋಡೆಗೆ ಮೆತ್ತುವ ಪುಟ್ಟಿ, ಕಪ್ಪು ಬಣ್ಣ, ಬಂಗಾರದ ಬಣ್ಣ, ಎರಡು ಬ್ರಷ್ ತಂದಳು. ಎಲ್ಲರೂ ಶಾಮಿಯಾನದ ಕಡೆ ಇದ್ದಾಗ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕೂತಳು.

ಕಸ ಗುಡಿಸುತ್ತಿದ್ದ ಆಯಾ ಮಾದಮ್ಮ ಪೊರಕೆ ಊರಿಕೊಂಡು ನಿಂತಳು. "ಒಂದ್ ಅಕ್ಸರ ತಪ್ಪಾದ್ರೆ ಕಟ್ಟಡ ಬಿದ್ದೋಯ್ತದಾ ಮೇಡಂ?"

"ಕಟ್ಟಡ ಬೀಳಲ್ಲ ಮಾದಮ್ಮ. ನಾನು ಬೀಳ್ತೀನಿ."

"ಅಂಗಾರೆ ಬರೀರಿ. ಯಾರಾರ ಬಂದ್ರೆ ಕೆಮ್ತೀನಿ."

ಮಾದಮ್ಮನಿಗೆ ನಿಜವಾಗಿಯೇ ಕೆಮ್ಮಿತ್ತು. ಹಾಗಾಗಿ ಸ್ನೇಹಲತಾ ನಿಮಿಷಕ್ಕೊಮ್ಮೆ ಬ್ರಷ್, ಡಬ್ಬಿ ಗೇಟಿನ ಸಂದಿಯಲ್ಲಿ ಬಚ್ಚಿಟ್ಟು ಎದ್ದು ನಿಂತು, ಯಾರೂ ಇಲ್ಲವೆಂದು ಕಂಡು ಮತ್ತೆ ಕೂರಬೇಕಾಯಿತು. ಕಡೆಗೂ ಎನ್ ಹೋಗಿ ಡಿ ಬಂತು. ಹಬ್ಬದೂಟ ಮಾಡಿ ಎದ್ದವನ ಹೊಟ್ಟೆಯಂತೆ ಅದು ತುಸು ಮುಂದಕ್ಕೆ ಬಂದಿತ್ತು. ಆದರೂ ಅದು ಡಿ.

ಮಧ್ಯಾಹ್ನ ಪೋಷಕರೆಲ್ಲ ನೆರೆದರು. ಅಡಿಪಾಯಕ್ಕೆ ಅಗೆದ ಗುಂಡಿಯ ಪಕ್ಕ ತಂದಿಟ್ಟ ಕಲ್ಲಿಗೆ ಅರಿಶಿನ ಕುಂಕುಮ ಆಗಿತ್ತು. ಮುಖ್ಯ ಅತಿಥಿಗಳು ಬಗ್ಗಿ ಓದಿ, "ಪರವಾಗಿಲ್ಲವೆ. ಲೇಡ್ ಅಂತ ಸರಿಯಾಗಿ ಹಾಕಿಸಿದ್ದೀರಿ. ಎಷ್ಟೋ ಕಡೆ ಇಲ್ಲೇ ಎಡವುತ್ತಾರೆ" ಎಂದರು.

ಶಲ್ಯ ಸರಿಮಾಡಿಕೊಳ್ಳುತ್ತಿದ್ದ ಕೃಷ್ಣಪ್ಪನವರ ಕೈ ನಿಂತಿತು. ಅವರು ಕಲ್ಲನ್ನು ನೋಡಿದರು, ಡಿ ಅಕ್ಷರದ ಹೊಟ್ಟೆ ನೋಡಿದರು, ಸ್ನೇಹಲತಾಳ ಬೆರಳಿಗಂಟಿದ ಬಂಗಾರದ ಬಣ್ಣ ನೋಡಿದರು.

"ಯಾರ್ ಮಾಡುದ್ದು ಇದು?"

"ನಾನು" ಎಂದಳು ಸ್ನೇಹಲತಾ. "ಮತ್ತೆ ಅಳಿಸಿದ್ರೆ ಮತ್ತೆ ಬರೀತೀನಿ."

ಶಾಮಿಯಾನದಲ್ಲಿ ಪಿಸಪಿಸ ಎದ್ದಿತು. ಯಾರೋ "ಮೊಟ್ಟೆ" ಅಂದದ್ದು ಎಲ್ಲರಿಗೂ ಕೇಳಿಸಿತು. ಕೃಷ್ಣಪ್ಪನವರು ಅತಿಥಿಗಳ ಕಡೆ ತಿರುಗಿದರು.

"ಸಾ, ಈ ಸಾಲು ಇಂಗೇ ಇರ್ಬೇಕಾ? ಬ್ಯಾರೆ ದಾರಿ ಇಲ್ವಾ?"

"ಇಡೋದು ಅನ್ನೋದಕ್ಕೆ ಇದೇ ಸರಿ."

"ಎಸ್ರು ಯಾರದಾದ್ರೂ ನಡೀತದಾ?"

"ಕಲ್ಲು ಇಟ್ಟವರದು ಯಾರದಾದರೂ ಸರಿ."

ಅಧ್ಯಕ್ಷರು ಪಂಚೆ ಎತ್ತಿಕಟ್ಟಿ ಗೇಟಿನ ಸಂದಿಗೆ ಹೋಗಿ, ಅಲ್ಲಿ ಕಂಡ ಎರಡೂ ಬಣ್ಣದ ಡಬ್ಬಿ, ಬ್ರಷ್ ತಂದರು. ಎಲ್ಲರೂ ನೋಡುತ್ತಿದ್ದಂತೆ ತಮ್ಮ ಹೆಸರು, ಹುದ್ದೆ ಎರಡರ ಮೇಲೂ ಕಪ್ಪು ಬ್ರಷ್ ಎಳೆದು, ಉಳಿದ ಬ್ರಷ್ಷನ್ನು ಸ್ನೇಹಲತಾಳ ಕೈಗಿಟ್ಟರು.

"ಲೇಡ್ ಇರ್ಲಿ ಮೇಡಂ, ನಾನು ಅಡ್ಡ ಬರಕಿಲ್ಲ. ಪಕ್ಕದಲ್ಲಿ ನಿಮ್ ಎಸ್ರು ಬರ್ಕಳಿ. ಕಲ್ಲು ನೀವೇ ಇಡಿ. ನಾಳೆಯಿಂದ ದಿನಾ ಬನ್ನಿ, ನಿಮ್ಮಂತೋರು ಬೇಕು."

ಹಿಂದೆ ಸರಿಯಬಹುದಿತ್ತು. ಸರಿದರೆ ಲೇಡ್ ಎಂಬುದೇ ನಾಚಿಕೆಯ ಮಾತು ಎಂದು ತಾನೇ ಒಪ್ಪಿದ ಹಾಗೆ. ಸ್ನೇಹಲತಾ ಬಗ್ಗಿ, ಬಂಗಾರದ ಬಣ್ಣದಲ್ಲಿ, ಕಾಪಿ ಬರೆಯುವ ಶ್ರದ್ಧೆಯಿಂದ ತನ್ನ ಹೆಸರು ಬರೆದಳು. ಕಲ್ಲು ಇಟ್ಟಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅವಳ ಕಣ್ಣು ಒದ್ದೆಯಾಯಿತು.

ಖುಷಿಯಾದ ಅತಿಥಿಗಳು ಮೈಕ್ ಹಿಡಿದು, "ಲೇಡ್ ಬಳಸಿ ಒಂದು ವಾಕ್ಯ ಹೇಳುವವರು ಯಾರು?" ಎಂದು ಮಕ್ಕಳನ್ನು ಕೇಳಿದರು. ಒಂಬತ್ತನೇ ಕ್ಲಾಸಿನ ಜಾಣೆ ಅನುಶ್ರೀ ವೇದಿಕೆ ಹತ್ತಿದಳು. ಅಷ್ಟು ಜನರನ್ನು ಕಂಡು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸ್ನೇಹಲತಾ ಮೇಡಂ ಲೇಡ್…" ಎಂದಳು. ಮುಂದಿನದು ಮರೆತುಹೋಯಿತು. "ಸ್ನೇಹಲತಾ ಮೇಡಂ ಲೇಡ್…" ಎಂದು ಮತ್ತೆ ಶುರುಮಾಡಿ ಮತ್ತೆ ಅಲ್ಲೇ ನಿಂತಳು.

ಶಾಮಿಯಾನ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಕೃಷ್ಣಪ್ಪನವರು. ಎಷ್ಟೋ ವರ್ಷದ ಮೇಲೆ ಆ ನಗು ಅವರ ಮೇಲಿನದಾಗಿರಲಿಲ್ಲ.

ಸ್ನೇಹಲತಾ ಮೈಕಿನ ಬಳಿ ಹೋಗಿ ಹುಡುಗಿಯ ಬೆನ್ನು ಸವರಿದಳು. "ಇಲ್ಲಿವರೆಗೆ ಹೇಳಿದ್ದು ಪೂರ್ತಿ ಸರಿ" ಎಂದು ಸಭೆಗೇ ಕೇಳಿಸುವಂತೆ ಹೇಳಿದಳು.

ಸಂಜೆ ಹಾಸನದ ಬಸ್ಸು ಹತ್ತಿದಾಗ ಕಂಡಕ್ಟರ್ ಬಂದ. ಉಚಿತ ಟಿಕೆಟ್‌ಗೆ ಅವಳು ಆಧಾರ್ ಕಾರ್ಡ್ ತೆಗೆದಳು.

"ಬ್ಯಾಡ ಬುಡಿ, ಗುರ್ತು ಸಿಕ್ತು. ಮೊಟ್ಟೆ ಮೇಡಂ ಅಲ್ವಾ?"

ಅವಳು ಕಾರ್ಡನ್ನು ಅವನ ಮೂಗಿನ ನೇರಕ್ಕೆ ಹಿಡಿದಳು. "ಸ್ನೇಹಲತಾ ಅಂತ ಬರೆದಿದೆ. ಓದಿ."

ಕಂಡಕ್ಟರ್ ಮರ್ಯಾದೆಯಿಂದ, ಅಕ್ಷರ ಅಕ್ಷರ ಬಿಡಿಸಿ ಓದಿದ. ಟಿಕೆಟ್ ಹರಿದು ಕೊಟ್ಟ. ಆಮೇಲೆ ಹಿಂದಕ್ಕೆ ತಿರುಗಿ ಕೂಗಿದ, "ಯಾರಪ್ಪಾ ಕಿಟಕಿ ಸೀಟಲ್ಲಿ, ಒಸಿ ಎದ್ದೇಳಿ. ಮೊಟ್ಟೆ ಮೇಡಂ ಕೂತ್ಕಬೇಕು."

ಸ್ನೇಹಲತಾ ತಲೆ ಎತ್ತಿಕೊಂಡೇ ಹೋಗಿ ಕೂತಳು.