ಬಾಗಿಲ ಮೇಲಿನ ಬಸವಣ್ಣ

ಹೆದರಿಕೆಯಾದಾಗ ದೇವರು ನೆನಪಾಗುತ್ತಾನೆ ಎನ್ನುತ್ತಾರೆ. ನನ್ನದು ಸ್ವಲ್ಪ ಉಲ್ಟಾ. ಮೂರು ವರ್ಷಗಳಿಂದ ದೇವರನ್ನು ಕಂಡಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಗುಡಿಯ ದೇವರಲ್ಲ, ನಮ್ಮ ಕಾರಿನ ಎಡಗಡೆಯ ಹಿಂದಿನ ಬಾಗಿಲಿಗೆ ಅಂಟಿಕೊಂಡಿದ್ದ, ಊಟದ ತಟ್ಟೆಯಷ್ಟು ಅಗಲದ ನಂದಿ ಬಸವಣ್ಣನ ಸ್ಟಿಕರ್. ಅಂಟಿಸಿದವಳು ನಾನೇ. ಭಕ್ತಿಯಿಂದ ಅಂಟಿಸಿದ್ದೆಂದು ಕೇಶ್ವಾಪುರದ ನಮ್ಮ ಓಣಿಯೆಲ್ಲ ನಂಬಿತ್ತು. ಪಕ್ಕದ ಮನೆಯವರು ಅದನ್ನು ನೋಡಿ ತಮ್ಮ ಸ್ಕೂಟರಿಗೂ ಒಂದು ಅಂಟಿಸಿಕೊಂಡರು. ಬಸವಣ್ಣನ ಹೊಟ್ಟೆಯ ಕೆಳಗೆ ಏನಿದೆ ಎಂಬುದು ನನಗೂ ಶಿವನಿಗೂ ಮಾತ್ರ ಗೊತ್ತಿತ್ತು.

ಇದ್ದದ್ದು ಒಂದು ತಗ್ಗು. ನಾನು ಕಾರು ಓಡಿಸಲು ಕಲಿತ ಹೊಸದರಲ್ಲಿ ನಮ್ಮ ಮನೆಯವರು ಚಾವಿ ಕೊಡುತ್ತ ಒಂದೇ ಮಾತು ಹೇಳಿದ್ದರು: "ಗಾಡಿಗೆ ಒಂದ ಗೀರು ಬಿದ್ರೂ ಚಾವಿ ಗ್ವಾಡಿ ಮೊಳಿಗೆ ಹೋಗತದ ನೋಡು. ಆಮ್ಯಾಲೆ ಕೇಳಬ್ಯಾಡ." ಆ ಚಾವಿಯಿಂದಾಗಿಯೇ ನಾನು ಸೋಮವಾರಕ್ಕೊಮ್ಮೆ ಯಾರ ಕೈಕಾಲೂ ಹಿಡಿಯದೆ ಈಶ್ವರ ಗುಡಿಗೆ ಹೋಗಿ, ಹಾಗೇ ಕೆಲಗೇರಿಯ ಅಕ್ಕನ ಮನೆಯಲ್ಲಿ ಚಹಾ ಕುಡಿದು ಬರುತ್ತೇನೆ. ಇಂಥ ಸಣ್ಣ ಸುಖಗಳನ್ನು ನಾನು ದಿನಾ ಮಲಗುವಾಗ ಎಣಿಸಿ ಶಿವನಿಗೆ ಒಪ್ಪಿಸುವವಳು. ಆದರೆ ಚಾವಿ ಸಿಕ್ಕ ಹದಿನೈದೇ ದಿನಕ್ಕೆ, ಗೇಟಿನೊಳಗೆ ತಿರುಗಿಸುವಾಗ, ಎಡಗಡೆ ಢಬ್ ಎಂದಿತು. ಇಳಿದು ನೋಡಿದರೆ ಬಾಗಿಲಲ್ಲಿ ಅಂಗೈಯಗಲದ ತಗ್ಗು. ಅವರು ಕಾಳಿನ ಅಂಗಡಿಯಿಂದ ಊಟಕ್ಕೆ ಬರುವಷ್ಟರಲ್ಲಿ ಬಸವಣ್ಣ ಅದರ ಮೇಲೆ ಬಂದು ಮಲಗಿದ್ದ.

ಈಗ ಕಾರಿನ ಬಣ್ಣ ಮಾಸಿತೆಂದು ಅವರಿಗೆ ಮನೆಯಲ್ಲೇ ಹೊಡೆಯುವ ಹುಕಿ ಬಂತು. ಮೊಬೈಲಿನಲ್ಲಿ ನೋಡಿ ಕಲಿತು ನನಗೂ ಪಾಠ ಹೇಳಿದರು. ಬಣ್ಣ ದೊಡ್ಡದಲ್ಲವಂತೆ, ತಯಾರಿ ದೊಡ್ಡದಂತೆ. ನೀರು ಹಾಕಿ ಪಾಲಿಶ್ ಪೇಪರಿನಿಂದ ಇಡೀ ಮೈ ತಿಕ್ಕಬೇಕು, ತಗ್ಗಿಗೆಲ್ಲ ಪುಟ್ಟಿ ತುಂಬಬೇಕು, ಮೇಲೆ ಬೂದಿ ಬಣ್ಣದ ಪ್ರೈಮರ್ ಹೊಡೆಯಬೇಕು. ಅದಕ್ಕೂ ಮೊದಲು ಮೈಮೇಲೆ ಧೂಳು, ಎಣ್ಣೆ, ಸ್ಟಿಕರ್ ಏನೂ ಉಳಿಯಬಾರದು. ಕೊನೆಯ ಮಾತಿಗೆ ನನ್ನ ಕೈಯ ಹಿಟ್ಟು ಅಲ್ಲೇ ಒಣಗಿತು.

ತಿಕ್ಕುವುದು ಮುಂದಿನ ಬಾನೆಟ್ಟಿನಿಂದ ಶುರುವಾಯಿತು. ಒಳಗೆ ರೊಟ್ಟಿ ಬಡಿಯುತ್ತ, ಕರ್ ಕರ್ ಸಪ್ಪಳದ ಮೇಲೆಯೇ ಕೆಲಸ ಎಲ್ಲಿಗೆ ಬಂತೆಂದು ಲೆಕ್ಕ ಹಾಕುತ್ತಿದ್ದೆ. ಆ ವಾರ ನನ್ನ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ. ಸಪ್ಪಳ ಬಲಗಡೆ ಮುಗಿಸಿ, ಹಿಂದಿನಿಂದ ಸುತ್ತಿ, ಎಡಕ್ಕೆ ಬಂದದ್ದು ಸೋಮವಾರ. ಓಡಿ ಹೋಗಿ ಅಡ್ಡ ನಿಂತೆ. "ಸೋಮವಾರ ಹೊಲದಾಗೂ ಎತ್ತಿಗೆ ನೊಗಾ ಇಡೂದಿಲ್ರಿ. ನೀವು ಬಸವಣ್ಣನ ಚರ್ಮಾನ ಸುಲೀತೀರೇನು?"

ವಾದವಿಲ್ಲದೆ ಒಪ್ಪಿದರು. ಮಂಗಳವಾರ ದೇವರನ್ನು ಮನೆಯಿಂದ ಕಳಿಸಬಾರದು ಎಂದೆ. ಅದಕ್ಕೂ ಒಪ್ಪಿ, ತಿಕ್ಕಿದ ಬಾನೆಟ್ಟನ್ನೇ ಮತ್ತೆ ತಿಕ್ಕಿದರು. ಇಷ್ಟು ವರ್ಷಗಳಿಗೆ ನನ್ನ ಮಾತಿಗೂ ತೂಕ ಬಂತಲ್ಲ ಎಂದು ಆ ಹೆದರಿಕೆಯಲ್ಲೂ ಹಿಗ್ಗಿದೆ.

ಬುಧವಾರಕ್ಕೆ ನೆವ ಸಿಗಲಿಲ್ಲ. ಸ್ಟಿಕರ್ ಬಿಡಿಸಲು ಬಿಸಿನೀರು ತಾ ಎಂದರು. ಕೊನೆಯ ದಿನ ನನ್ನ ಮೈ ತೊಳೆಯುವ ನೀರನ್ನು ನಾನೇ ಕಾಸಿದ ಹಾಗಾಯಿತು. ಮೊದಲು ಬಾಲ ಬಿಟ್ಟಿತು, ಆಮೇಲೆ ಡುಬ್ಬ, ಆಮೇಲೆ ಹೊಟ್ಟೆ. ನಾನು ಸೆರಗು ಹಿಡಿದು ಒಳಗೊಳಗೇ ನಮಃ ಶಿವಾಯ ಎನ್ನುತ್ತಿದ್ದೆ. ತಗ್ಗು ಕಂಡಿತು. ಅವರು ನನ್ನನ್ನು ನೋಡಲಿಲ್ಲ. ಪೇಪರ್ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತರು.

"ನಿನಗ ಎಲ್ಲಾ ಗೊತ್ತಿತ್ತಲ್ಲ? ಗಬ್ಬೂರಿನ ಮದುವಿಗೆ ನಾನೊಬ್ಬನ ಹೋದಾಗ ರಿವರ್ಸ್ ತಗೊಳ್ಳುಮುಂದ ಕಂಬಕ್ಕ ಬಡಿಸಿದ್ದೆ. ನಿನಗ ಅಷ್ಟೆಲ್ಲಾ ಹೇಳಿ, ನಾನ ಹಿಂಗ ಮಾಡೇನಂತ ಯಾವ ಬಾಯಿಲೆ ಹೇಳ್ಲಿ? ಮರುದಿನ ಊಟಕ್ಕ ಬಂದು ನೋಡಿದ್ರ ಅದರ ಮ್ಯಾಲೆ ಬಸವಣ್ಣ. ಮೂರು ವರ್ಷ ಒಂದ ಮಾತು ಕೇಳಲಿಲ್ಲ ನೀನು."

ಸೋಮವಾರ, ಮಂಗಳವಾರ ಒಪ್ಪಿದ್ದು ನನ್ನ ಮಾತಿನ ತೂಕಕ್ಕಲ್ಲ ಎಂದು ಆಗ ತಿಳಿಯಿತು. ನಾನು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಹಗುರಾದ ಮನಸ್ಸಿನಿಂದ ಎದ್ದು, ಅದೇ ಬಾಗಿಲಿನ ಕೆಳಗಿನ ಪಟ್ಟಿಯನ್ನು ತಿಕ್ಕಲು ಮೊಣಕಾಲೂರಿದರು. ಮಣ್ಣು ಹೋದ ಮೇಲೆ ಅಲ್ಲಿ ಇನ್ನೊಂದು ತಗ್ಗು ಕಂಡಿತು. ಅದಕ್ಕೆ ನಮ್ಮ ಗೇಟಿನ ಹಸಿರು ಬಣ್ಣ ಹತ್ತಿತ್ತು. ನನ್ನ ಢಬ್ ಅದು. ಮೂರು ವರ್ಷ ಅವರ ತಪ್ಪಿಗೆ ದೇವರನ್ನು ಹೊದಿಸಿ, ನನ್ನ ತಪ್ಪನ್ನು ಬಯಲಲ್ಲಿ ಬಿಟ್ಟುಕೊಂಡು ಓಡಾಡಿದ್ದೆ.

ಅದನ್ನು ಬೆರಳಿನಿಂದ ಸವರಿ, "ಇದೂ ನಂದ ಇರಬೇಕು ತಗೊ" ಎಂದರು ಪಾಪ.

ನನ್ನ ಬಾಯಿಂದ ಬಂದದ್ದು, "ಹೋಗ್ಲಿ ಬಿಡ್ರಿ, ಮನಶ್ಯಾ ಅಂದ ಮ್ಯಾಲೆ ಆಗತಾವು."

ಸಂಜೆಯೊಳಗೆ ಎರಡಕ್ಕೂ ಪುಟ್ಟಿ ತುಂಬಿತು. ಮರುದಿನ ಪ್ರೈಮರ್ ಬಿದ್ದ ಮೇಲೆ ಕಾರು ಮೈತುಂಬ ವಿಭೂತಿ ಬಳಿದುಕೊಂಡ ಸ್ವಾಮಿಗಳ ಹಾಗೆ ನಿಂತಿತು. ಯಾವುದು ಅವರ ತಗ್ಗು, ಯಾವುದು ನನ್ನದು, ಈಗ ಯಾರೂ ಹೇಳಲಾರರು. ಬಣ್ಣ ಒಣಗಿದ ಮೇಲೆ ಚಾವಿಯನ್ನು ಅವರೇ ನನ್ನ ಕೈಗಿಟ್ಟರು. ನನ್ನಷ್ಟು ದೊಡ್ಡ ಮನಸ್ಸಿನವಳು ಓಣಿಯಲ್ಲೇ ಇಲ್ಲವೆಂದು ನೆರೆಯವರಿಗೂ ಹೇಳಿಕೊಂಡು ಬಂದಿದ್ದಾರೆ.

ಸೋಮವಾರ ಗುಡಿಯಲ್ಲಿ ನಂದಿಯ ಕಿವಿಗೆ ಬಾಯಿ ಹಚ್ಚಿ ಖರೇ ಸಂಗತಿಯನ್ನೆಲ್ಲ ಹೇಳಿದೆ. ಅಲ್ಲಿ ಹೇಳಿದ್ದು ಶಿವನಿಗೆ ಮುಟ್ಟುತ್ತದಂತೆ. ಶಿವನಿಗೆ ಹೇಳಲು ನನಗೇನೂ ಹೆದರಿಕೆಯಿಲ್ಲ. ಚಾವಿ ಕಸಿದುಕೊಳ್ಳುವವನು ಅವನಲ್ಲ.