ಜೋಡಿ ನಕ್ಷತ್ರಕ್ಕೆ ಸ್ಕೇಲು ಹಿಡಿದವನ ಪಾಡು

ಇಂಥದ್ದೆಲ್ಲ ನನಗೇ ಯಾಕಾಗುತ್ತೆ ಅಂತ ಯೋಚಿಸೋದನ್ನೂ ಬಿಟ್ಟಿದ್ದೀನಿ, ಅದಕ್ಕೂ ಸುಸ್ತು. ಹಗಲೆಲ್ಲ ಆಸ್ಪತ್ರೇಲಿ ಡಾಕ್ಟರಿಕೆ, ಕತ್ತಲಾದ್ರೆ ಹಿತ್ತಲಲ್ಲಿ ಟೆಲಿಸ್ಕೋಪು. ಬರಿಗಣ್ಣಿಗೆ ಒಂದೇ ಅನ್ನಿಸೋ ಕೆಲವು ನಕ್ಷತ್ರ ನಿಜವಾಗಿ ಎರಡಿರುತ್ತವೆ. ಕಣ್ಣಿಡೋ ಮಸೂರದೊಳಗೆ ಕೂದಲೆಳೆಯಂಥ ಸ್ಕೇಲು ಕೊರೆದಿರುತ್ತೆ, ಅದರಲ್ಲಿ ಆ ಎರಡರ ಅಂತರ ಅಳೀಬೇಕು. ಒಂದ್ಸಲ ಅಲ್ಲ, ಹತ್ತು ಸಲ ಅಳೆದು ಸರಾಸರಿ ಬರೀಬೇಕು. ಯಾರೂ ಬಲವಂತ ಮಾಡಿರಲಿಲ್ಲ. ನಾನಾಗೇ ತಗಲಿಹಾಕ್ಕೊಂಡಿದ್ದು.

ಪರ್ತ್

ಎಪ್ಪತ್ತರ ದಶಕ, ಆಸ್ಟ್ರೇಲಿಯಾ. ಥಾರ್ನ್ಲಿ ಬಡಾವಣೆಯಲ್ಲಿ ಬಾಡಿಗೆ ಮನೆ. ಡಬಲ್ ಡ್ಯೂಟಿ ಮುಗಿಸಿ ಬಂದು ಅಳೆಯೋಕೆ ಕೂತೆ. ಏಳು ಅಳತೆ ಆಯ್ತು. ಎಂಟನೇದಕ್ಕೆ ಕಣ್ಣಿಟ್ಟವನು ಹಾಗೇ ನಿದ್ದೆ ಹೋಗ್ಬಿಟ್ಟೆ. ಹೆಂಡ್ತಿ ಬಂದು ಎಬ್ಬಿಸಿದಾಗ ಕಣ್ಣಿನ ಸುತ್ತ ಗುಂಡಗೆ ಕೆಂಪು ಬರೆ.

ಮಾರನೇ ದಿನ ಬಿ.ಪಿ. ತೋರಿಸೋಕೆ ಬಂದ ಅಲ್ಲಿನ ಅಜ್ಜಿಯೊಬ್ಬರು ನನ್ನ ಮುಖ ನೋಡಿದವರೇ ಮಂಚದಿಂದ ಇಳಿದುಬಿಟ್ರು.

"ಯಾಕೆ, ಏನಾಯ್ತು?" ಅಂದೆ.

"ನಂದು ಆಮೇಲೆ ನೋಡೋಣ ಡಾಕ್ಟ್ರೇ. ಮೊದಲು ನೀವು ಮಲಗಿ."

ಬ್ರಿಸ್ಬೇನ್

ಈ ಕೆಲಸಕ್ಕೆ ಕಣ್ಣು ಕತ್ತಲಿಗೆ ಒಗ್ಗಬೇಕು, ಅರ್ಧ ಗಂಟೆಯಾದ್ರೂ ಬೇಕು. ಪಕ್ಕದ ಮನೆಯವನು ಬಹಳ ಒಳ್ಳೆಯವನು, ಅದೇ ತೊಂದರೆ. ನಾನು ಕತ್ತಲಲ್ಲಿ ಬಗ್ಗಿಕೊಂಡು ಗೊಣಗ್ತಿದ್ದದ್ದನ್ನ ಬೇಲಿಯಾಚೆಯಿಂದ ನೋಡಿ, "ಏನು ಕಳ್ಕೊಂಡ್ರಿ ಡಾಕ್?" ಅಂತ ದೊಡ್ಡ ಟಾರ್ಚ್ ಹಿಡ್ಕೊಂಡು ಓಡಿ ಬಂದ. ನನ್ನ ಕಣ್ಣಿಗೇ ಬಿಟ್ಟ. ಅವತ್ತಿನ ಅಳತೆ ಅಲ್ಲಿಗೆ ಮುಗೀತು.

ಏನೂ ಕಳೆದಿಲ್ಲ ಮಾರಾಯ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಡಾಕ್ಟರಿಗೆ ನಾಚಿಕೆ ಅಂತ ತಿಳ್ಕೊಂಡ. ಒಂದು ವಾರ ದಿನಾ ಬಂದು ಹುಲ್ಲೆಲ್ಲ ಜಾಲಾಡಿದ. ಕೊನೆಗೆ ಅವನದೇ ಹಳೇ ಹಲ್ಲಿನ ಸೆಟ್ ಸಿಕ್ತು. ನನಗೆ ಥ್ಯಾಂಕ್ಸ್ ಹೇಳಿ ಹೋದ.

ಅಡಿಲೇಡ್

ಎಂಬತ್ತರ ದಶಕದ ಕೊನೆ, ಮಗಳ ಮದುವೆ. ಹುಡುಗ ಮಂಗಳೂರಿನ ಕ್ರಿಶ್ಚಿಯನ್ ಡಾಕ್ಟರೊಬ್ಬರ ಮಗ. ಚರ್ಚಿನಲ್ಲೊಂದು ಮದುವೆ, ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಹಿತ್ತಲಲ್ಲಿ ಇನ್ನೊಂದು. ಊರಲ್ಲಿ ಪುರೋಹಿತರಿಲ್ಲ, ಮಂತ್ರಕ್ಕೆ ನಮ್ಮ ಹಲ್ಲಿನ ಡಾಕ್ಟರೇ, ಪುಸ್ತಕ ನೋಡಿಕೊಂಡು. ಮೈಸೂರಿಂದ ನನ್ನ ಸೋದರತ್ತೆ ಬಂದಿದ್ರು. ತಾಯಿಯಿಲ್ಲದ ನನ್ನನ್ನ ಸಾಕಿದವರು. ಅವರ ಅಕ್ಷತೆ ಬೀಳದೆ ಮಗಳ ಮದುವೆ ಮಾಡೋದು ನನ್ನ ಕೈಲಿ ಸಾಧ್ಯವೇ ಇರಲಿಲ್ಲ.

"ಹುಡುಗ ಯಾರಾದ್ರೂ ಆಗ್ಲಿ ಕಣೋ. ಅರುಂಧತಿ ನಕ್ಷತ್ರ ತೋರಿಸ್ದೆ ನಾನು ಅಕ್ಷತೆ ಹಾಕಲ್ಲ" ಅಂದ್ರು ಅತ್ತೆ.

ಇಷ್ಟು ವರ್ಷ ಜೋಡಿ ನಕ್ಷತ್ರ ಅಳೆದವನಿಗೇ ಈ ಗತಿ ಬರಬೇಕೆ! ಅರುಂಧತಿ, ವಸಿಷ್ಠ ಉತ್ತರದ ಜೋಡಿ. ಅಡಿಲೇಡ್‌ನಲ್ಲಿ ನೆಲದಂಚಿಗೆ ಬಂದ ಹಾಗೆ ಮಾಡಿ ಮುಳುಗಿಬಿಡುತ್ತೆ, ಕಣ್ಣಿಗೆ ಸಿಗೋದೇ ಇಲ್ಲ.

"ಡ್ಯಾಡ್, ಜಸ್ಟ್ ಪಾಯಿಂಟ್ ಎನಿವೇರ್" ಅಂದ್ಲು ಮಗಳು.

ಸಾಕಿದ ಅತ್ತೆಗೆ ಸುಳ್ಳು ಹೇಳೋದು ಹೇಗೆ? ಮೂರು ದಿನ ಅನ್ನ ಸೇರಲಿಲ್ಲ. ಕೊನೆಗೆ ಮುಹೂರ್ತವನ್ನೇ ಸಂಜೆಗೆ ತಳ್ಳಿ, ತಾಳಿ ಕಟ್ಟಿಸಿ, ದಕ್ಷಿಣದ ಆಲ್ಫಾ ಸೆಂಟಾರಿ ಜೋಡಿಗೆ ಟೆಲಿಸ್ಕೋಪ್ ತಿರುಗಿಸಿದೆ. ಹುಡುಗ, ಹುಡುಗಿ ನೋಡಿ "ಕಂಡಿತು" ಅಂದ್ರು. ಆಮೇಲೆ ಅತ್ತೆ ಕಣ್ಣಿಟ್ರು. ತಡೆಯೋಕಾಗದೆ ಹೇಳಿಬಿಟ್ಟೆ.

"ಅತ್ತೆ, ಅದು ಅರುಂಧತಿ ಅಲ್ಲ. ಅರುಂಧತಿ ಇಲ್ಲಿ ಕಾಣೋದೇ ಇಲ್ಲ."

ಅತ್ತೆ ಕಣ್ಣು ತೆಗೀಲಿಲ್ಲ. "ನನ್ನ ಮದುವೇಲೂ ಕಾಣಲಿಲ್ಲ ಕಣೋ. ಮಟಮಟ ಮಧ್ಯಾಹ್ನ. ಪುರೋಹಿತರು ಸೂರಿನ ಕಡೆ ಬೆರಳು ಮಾಡಿ ಕಂಡಿತಾ ಅಂದ್ರು. ಅಲ್ಲಿದ್ದಿದ್ದು ಜೇಡರ ಬಲೆ. ಹೊಟ್ಟೆ ಹಸಿದಿತ್ತು, ಇಬ್ಬರೂ ಕಂಡಿತು ಅಂದ್ವಿ. ನಲವತ್ತು ವರ್ಷ ಸಂಸಾರ ಮಾಡಿದ್ವಿ."

"ಮತ್ತೆ ಮೂರು ದಿನದಿಂದ ನನ್ನ ಪ್ರಾಣ ಯಾಕೆ ತಿಂದ್ರಿ?"

"ಎಲ್ಲರೆದುರು ಗಂಡ ಹೆಂಡ್ತಿ ಸೇರಿ ಮೊದಲನೇ ಸುಳ್ಳು ಹೇಳ್ಬೇಕು, ಅದಕ್ಕೇ ಈ ಶಾಸ್ತ್ರ. ನೀನು ನೋಡಿದ್ರೆ ನಿಜವಾಗ್ಲೂ ನಕ್ಷತ್ರ ತೋರಿಸಿ ಕೂತಿದ್ದೀಯ, ಪೆದ್ದ! ಆಗ್ಲಿ, ಇಲ್ಲಿ ಕೊಡು ಅಕ್ಷತೆ."