ಗಾಜಿನ ಕಪಾಟಿನಲ್ಲಿಟ್ಟ ಆಮಂತ್ರಣ

ಮಾಹಿತಿಯನ್ನು ಜನರಿಗೆ ಮುಟ್ಟಿಸುವುದು ಹೇಗೆ ಎಂದು ಗದಗ-ಬೆಟಗೇರಿಯಲ್ಲಿ ಯಾರಿಗಾದರೂ ಸಂಶಯವಿದ್ದರೆ ಅವರು ನನ್ನನ್ನು ಕೇಳಬೇಕು. ನಾನು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗದ ಸಹಾಯಕ. ನನ್ನ ಕೈಯಿಂದ ಇಂದಿನವರೆಗೆ ಒಂದು ಹಾಳೆಯೂ ಕಳೆದಿಲ್ಲ. ಅದಕ್ಕೇ ಮುಖ್ಯಸ್ಥೆ ಮೇಡಂ ಮುಂಬರುವ ಉಪನ್ಯಾಸ, ಕಾರ್ಯಾಗಾರಗಳ ಪ್ರಚಾರವನ್ನು ನನಗೇ ಒಪ್ಪಿಸಿದರು.

"ಮೊದಲನೇದು ಮನಿಯೊಳಗಿನ ಹಳೇ ಕಾಗದಪತ್ರ ಹಾಳಾಗದಂಗ ಜ್ವಾಕಿ ಮಾಡೋ ಕಾರ್ಯಾಗಾರ. ಧಾರವಾಡದಿಂದ ಪ್ರಾಧ್ಯಾಪಕಿ ಬರಾಕತ್ತಾರ. ಊರ ಮಂದಿ ಬರಬೇಕು ನೋಡ್ರಿ. ಸಭಾಂಗಣ ಖಾಲಿ ಉಳದ್ರ ಮುಂದಿನ ಕಾರ್ಯಕ್ರಮ ಎಲ್ಲಾ ರದ್ದು. ತುಂಬಿದ್ರ ನೀವ ಸಂಚಾಲಕರು."

ಸಂಚಾಲಕ! ಆ ಪದವಿಗಾಗಿ ನಾನು ಮೂರು ವರ್ಷದಿಂದ ಬಾಯಿಬಿಟ್ಟುಕೊಂಡು ಕೂತಿದ್ದೆ. "ಕಾಳಜಿ ಬಿಡ್ರಿ ಮೇಡಂ," ಎಂದೆ.

ಆಮಂತ್ರಣದ ನೂರು ಪ್ರತಿ ಅಚ್ಚಾಗಿ ಬಂದವು. ಹಂಚಿದರೆ ನಾಳೆಯೇ ಮಿರ್ಚಿ ಬಜಿ ಕಟ್ಟುವ ಕಾಗದವಾಗುತ್ತವೆ. ಪ್ರತಿಯೊಂದಕ್ಕೂ ಮುದ್ರೆ ಒತ್ತಿ, ಕ್ರಮಸಂಖ್ಯೆ ಬರೆದು, ಗಾಜಿನ ಕಪಾಟಿನಲ್ಲಿ ಜೋಡಿಸಿ ಬೀಗ ಹಾಕಿದೆ. ಬೇಕಾದವರು ಪಕ್ಕದ ನೋಂದಣಿ ಪುಸ್ತಕದಲ್ಲಿ ಸಹಿ ಮಾಡಿ, ಓದಿ, ಮರಳಿಸಬೇಕು. ವ್ಯವಸ್ಥೆ ಅಷ್ಟು ಚೊಕ್ಕವಾಗಿತ್ತು. ಕಾರ್ಯಾಗಾರದ ಹಿಂದಿನ ದಿನ ನಾನೇ ಒಂದು ಪ್ರತಿಗೆ ಸಹಿ ಮಾಡಿ, ಹೆಂಡತಿ ಗಿರಿಜಾಗೆ ತೋರಿಸಲು ಮನೆಗೆ ತಂದೆ.

ಅವಳು ಅದನ್ನು ಪೂರ್ತಿ ಓದಿ ಕೇಳಿದಳು: "ಎಷ್ಟು ಮಂದಿನ್ನ ಕರದೀರಿ?"

"ಕರಿಯೂದಂದ್ರ? ಮಾಹಿತಿ ಲಭ್ಯ ಐತಿ. ಬೇಕಾದವ್ರು ಬಂದು ನೋಡ್ತಾರ."

"ನಿಮ್ಮ ತಂಗಿ ಮದುವಿ ಕಾರ್ಡೂ ಹಿಂಗ ಕಪಾಟಿನ್ಯಾಗ ಇಟ್ಟಿದ್ರೇನು? ಮನಿಗೆ ಹೋಗಿ ಕರೀಲಿಲ್ಲಂದ್ರ ನಮ್ಮ ಕಡೆ ಯಾರ್ ಬರ್ತಾರ್ರಿ?"

ಕುಂಕುಮದ ಭರಣಿ ಹಿಡಿದು, ಆಮಂತ್ರಣ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು. ವಿಶ್ವವಿದ್ಯಾಲಯದ ಕಾರ್ಯಾಗಾರಕ್ಕೆ ಕುಂಕುಮ ಹಚ್ಚಿ ಕರೆಯುವುದೇ? ನನಗೆ ನಗು ತಡೆಯಲಾಗಲಿಲ್ಲ. "ಕಾರ್ಡ್ ನಾಳೆ ವಾಪಸ್ ಬೇಕು," ಎಂದು ಹಿಂದಿನಿಂದ ಕೂಗಿದೆ.

ಮರುದಿನ ಹತ್ತು ಗಂಟೆಗೆ ಸಭಾಂಗಣದಲ್ಲಿ ಮೇಡಂ, ಅತಿಥಿ, ನಾನು ಮತ್ತು ಎಂಬತ್ತು ಕುರ್ಚಿಗಳಿದ್ದೆವು. ಹತ್ತೂವರೆಗೂ ಅಷ್ಟೇ ಇದ್ದೆವು. ಮೇಡಂ ನನ್ನನ್ನು ನೋಡಿದ ನೋಟಕ್ಕೆ ನನ್ನ ಅಂಗಿ ಬೆನ್ನಿಗಂಟಿತು.

"ಪ್ರಚಾರ ಎಲ್ಲೆ ಮಾಡೀರಿ?"

"ಕಪಾಟಿನ್ಯಾಗ ರೀ."

ಅಷ್ಟರಲ್ಲಿ ಹೊರಗೆ ಟಂಟಂ ಆಟೋಗಳ ಸದ್ದಾಯಿತು. ಒಂದಲ್ಲ, ಹತ್ತು. ಮುಂದಿನದರಿಂದ ಗಿರಿಜಾ ಇಳಿದಳು, ಹಿಂದೆ ನಮ್ಮ ಓಣಿಗೆ ಓಣಿಯೇ ಇಳಿಯಿತು. ಕುರ್ಚಿ ತುಂಬಿ, ಮಂದಿ ಗೋಡೆಗೆ ಒರಗಿ ನಿಂತರು. ಕುಂಕುಮ ಹಚ್ಚಿ ಕರೆದ ಮನೆಗೆ ನಮ್ಮವರು ಬರಿಗೈಲಿ ಬರುವುದಿಲ್ಲ. ಓಣಿಗೆಲ್ಲ ಹಿರಿಯರಾದ ಕಳಸಾಪುರದ ಅತ್ತೆ ನೇರ ವೇದಿಕೆ ಹತ್ತಿ, ಅತಿಥಿಯನ್ನು ಕೂರಿಸಿ, ಖಣ, ಕಾಯಿ, ಅಕ್ಕಿ ಹಾಕಿ ಉಡಿ ತುಂಬಿದರು. ಪ್ರಾಧ್ಯಾಪಕಿಯ ಕಣ್ಣಲ್ಲಿ ನೀರು ಬಂತು.

"ಎಷ್ಟೋ ಊರಾಗ ಕಾರ್ಯಾಗಾರ ಮಾಡೇನಿ. ಯಾರೂ ನನ್ನ ಉಡಿ ತುಂಬಿದ್ದಿಲ್ಲ ನೋಡವ್ವಾ."

ಪಕ್ಕದ ಮನೆಯ ರಜಿಯಾ ಅಕ್ಕ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಅವರ ಅಜ್ಜ ಕೈಯಾರೆ ಬರೆದ, ಸೀರೆಯ ಅಂಚಿನ ನಕ್ಷೆಗಳ ಪುಸ್ತಕವಿತ್ತು. "ಹುಳ ತಿನ್ನಾಕತ್ತೈತ್ರಿ. ಉಳಸ್ತೀರೇನು?" ಎಂದರು. ಅತಿಥಿ ಕುಂಚ ಹಿಡಿದು ನೆಲದ ಮೇಲೇ ಕೂತರು. ಪುಟ ಪುಟದ ಧೂಳು ತೆಗೆದು ತೋರಿಸಿದರು. ಸಂಜೆ ನಾಲ್ಕರವರೆಗೆ ಒಬ್ಬರೂ ಏಳಲಿಲ್ಲ.

"ಮುಂದಿನ ಕಾರ್ಯಕ್ರಮ ಎಲ್ಲಾ ಖಾಯಂ," ಎಂದು ಮೇಡಂ ಸಾರಿದರು. ನನ್ನ ಎದೆ ಉಬ್ಬಿತು. ಮೈಕು ಹಿಡಿದು, ಶಾಸ್ತ್ರೀಯ ಪ್ರಚಾರದ ಮಹತ್ವವನ್ನು ಕುರಿತು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಇಳಿದು ಬರುವಾಗ ಮೇಡಂ ನೋಂದಣಿ ಪುಸ್ತಕ ತೆರೆದುಕೊಂಡು ನಿಂತಿದ್ದರು. ಅದರಲ್ಲಿದ್ದದ್ದು ಒಂದೇ ಸಹಿ, ನನ್ನದು.

ಮೇಡಂ ಪೆನ್ನು ತೆಗೆದು ಮುಂದಿನ ಕಾರ್ಯಕ್ರಮಗಳ ಪಟ್ಟಿಗೆ ಇನ್ನೊಂದು ಉಪನ್ಯಾಸ ಸೇರಿಸಿದರು: 'ಮಾಹಿತಿಯನ್ನು ಜನರಿಗೆ ಮುಟ್ಟಿಸುವುದು ಹೇಗೆ?' ಉಪನ್ಯಾಸಕಿ, ಗಿರಿಜಾ. ಸಂಚಾಲಕ ನಾನೇ. ಕುರ್ಚಿ ಹಾಕಿಸುವವರೊಬ್ಬರು ಬೇಕಲ್ಲ.

ಕೇಳುಗರ ಮೊದಲ ಸಾಲಿನಲ್ಲೂ ನಾನೇ ಕೂರಬೇಕಂತೆ. ತಪ್ಪಿಸುವ ಹಾಗಿಲ್ಲ. ನಿನ್ನೆ ಗಿರಿಜಾ ಅಡುಗೆಮನೆಯಿಂದ ಬಂದು, ಹಣೆಗೆ ಕುಂಕುಮ ಹಚ್ಚಿ ಕರೆದುಬಿಟ್ಟಿದ್ದಾಳೆ.